ಊರಿಲ್ಲದ ಕಲ್ಲುಗಳು

ಕಲ್ಲಿಗೂ ಒಂದು ಊರಿರುತ್ತದೆ ಎಂಬ ಸಂಗತಿ ನನಗೆ ತಿಳಿದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಅದೂ ೫೮ ಕಲ್ಲುಗಳ ಊರನ್ನು ಒಂದೇ ಬೆಳಿಗ್ಗೆ ಸ್ವಹಸ್ತದಿಂದ ತೊಳೆದುಹಾಕಿದ ಮೇಲೆ.

ಆಗ ೧೯೬೩ನೆಯ ಇಸವಿ. ನಾವು ಮೈಸೂರಿನಲ್ಲಿದ್ದೆವು. ನನ್ನ ಸೋದರಮಾವ ಕಾಲೇಜೊಂದರಲ್ಲಿ ಭೂವಿಜ್ಞಾನದ ಅಧ್ಯಾಪಕರು. ಇನ್ನೂ ಮದುವೆಯಾಗಿರಲಿಲ್ಲವಾದ್ದರಿಂದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿಯೇ ಅವರ ವಾಸ. ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಒಂದು ತಗಡಿನ ಟ್ರಂಕು. ಟ್ರಂಕಿನ ತುಂಬ ಕಲ್ಲು. “ಹೆಣ್ಣು ಕೊಡಲು ಬಂದವರು ಆ ಟ್ರಂಕು ಎತ್ತಿ ನೋಡಿ, ಭಾರವಾಗಿದೆ, ಒಡವೆ ಇರಬೇಕು ಎಂದುಕೊಂಡಾರು” ಎಂದು ನಮ್ಮಮ್ಮ ಹಾಸ್ಯ ಮಾಡುತ್ತಿದ್ದಳು. ಒಂದೊಂದು ಕಲ್ಲಿಗೂ ಉಗುರಿನಷ್ಟಗಲದ ಕಾಗದದ ಚೀಟಿ. ಚೀಟಿಯ ಮೇಲೆ ಒಂದು ಸಂಖ್ಯೆ. ಸಂಖ್ಯೆಗೆ ಉತ್ತರ ಒಂದು ಉದ್ದನೆಯ ಖಾತೆ ಪುಸ್ತಕದಲ್ಲಿ. ಇದೆಲ್ಲ ನನಗೆ ಆಮೇಲೆ ತಿಳಿದ ವಿಚಾರ.

ಆ ವರ್ಷ ನವರಾತ್ರಿಗೆ ಬೊಂಬೆ ಕೂರಿಸುವಾಗ ಪಾರ್ಕು ಮತ್ತು ಬೆಟ್ಟದ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೀದಿಯ ಜಲ್ಲಿಕಲ್ಲು ಯಾರು ಬೇಕಾದರೂ ತರುತ್ತಾರೆ. ಪಕ್ಕದ ಮನೆಯ ಹುಡುಗರನ್ನು ಸೋಲಿಸುವಂಥ ಬೆಟ್ಟ ಬೇಕು. ಮಾವ ಹುಡುಗರನ್ನು ಕರೆದುಕೊಂಡು ಎಲ್ಲಿಗೋ ಪ್ರವಾಸ ಹೋಗಿದ್ದರು. ಟ್ರಂಕಿಗೆ ಬೀಗವಿರಲಿಲ್ಲ. ಕಲ್ಲುಗಳ ಮೇಲೆ ಮಣ್ಣು, ಧೂಳು, ಜೊತೆಗೆ ಆ ಅಸಹ್ಯವಾದ ಚೀಟಿಗಳು. ರಾತ್ರಿಯೇ ಎಲ್ಲವನ್ನೂ ಬಚ್ಚಲು ಹಂಡೆಯ ಬಿಸಿನೀರಿಗೆ ಹಾಕಿದೆ. ಬೆಳಿಗ್ಗೆ ಎದ್ದು ಹುಣಸೆಹಣ್ಣು ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ. ಹಿತ್ತಾಳೆ ಚೊಂಬು ಬೆಳಗಿದ ಹಾಗೆ ಬೆಳಗಿದೆ ಎಂದರೆ ಸರಿಯಾದೀತು. ಬಿಳಿಯ ದೊಡ್ಡ ಕಲ್ಲೊಂದು ನೆಟ್ಟಗೆ ನಿಲ್ಲದೆ ಸತಾಯಿಸಿದ್ದರಿಂದ, ಹಂಡೆಗೆ ಹಾಕುವ ಮುನ್ನವೇ ಅದರ ಬುಡವನ್ನು ಒರಳುಗುಂಡಿನಿಂದ ಕುಟ್ಟಿ ಸರಿಮಾಡಿದ್ದೆ. ಅದೇ ಕೈಲಾಸ. ಅದರ ಮೇಲೆ ಈಶ್ವರ ಪಾರ್ವತಿಯರು ಕುಳಿತರು.

ಮಾವ ಮೂರನೆಯ ದಿನ ಸಂಜೆ ಬಂದರು. ಬೊಂಬೆಯ ಮುಂದೆ ಆರತಿಗೆ ಬಂದ ಹೆಂಗಸರು ಬೆಟ್ಟವನ್ನು ಹೊಗಳುತ್ತಿದ್ದರು. ಮಾವ ಬಾಗಿಲಲ್ಲಿ ಚೀಲ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಹೆಂಗಸರು ಹೋದ ಮೇಲೆ ನನ್ನನ್ನು ಕರೆದು, “ಕೈಲಾಸ ಚೆನ್ನಾಗಿದೆ ಕಣೋ. ಇದರ ಊರು ಯಾವುದು, ಹೇಳು ನೋಡೋಣ” ಎಂದರು.

“ಕಲ್ಲಿಗೆ ಎಂಥ ಊರು ಮಾವ?” ಎಂದೆ.

ಅವರು ಏನೂ ಹೇಳಲಿಲ್ಲ. ವಿಜಯದಶಮಿ ಕಳೆಯುವವರೆಗೆ ಬೆಟ್ಟವನ್ನು ಮುಟ್ಟಲೂ ಇಲ್ಲ. ಮುಂದಿನ ಜೂನ್ ತಿಂಗಳಲ್ಲಿ ಅವರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಟ್ರಂಕು ಅವರ ಜೊತೆ ಹೋಯಿತು. ಅಂದಿನಿಂದ ಅವರು ತೀರಿಕೊಳ್ಳುವವರೆಗೆ, ನಲವತ್ತು ವರ್ಷಗಳಿಗೂ ಮೇಲ್ಪಟ್ಟು, ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದೆನೇನೋ.

ಹೋದ ವರ್ಷ ಅತ್ತೆ ಮಗನ ಮನೆಗೆ ಹೋಗಿ ನೆಲೆಸುವುದೆಂದಾದಾಗ ಟ್ರಂಕು ನನಗೆ ಬಂತು. ನನ್ನ ಹಳೆಯ ಪಾಪವನ್ನು ಅತ್ತೆಗೆ ಮಾವ ಎಂದಾದರೂ ಹೇಳಿದ್ದರೋ ಇಲ್ಲವೋ ಕಾಣೆ. “ಇದು ನಿನಗೇ ಸೇರಬೇಕು ಎನ್ನುತ್ತಿದ್ದರಪ್ಪ” ಎಂದಷ್ಟೇ ಅಂದರು. ಕಲ್ಲುಗಳನ್ನು ಯಾವುದಾದರೂ ಕಾಲೇಜಿಗೆ ಕೊಟ್ಟು ಕೈತೊಳೆದುಕೊಳ್ಳೋಣವೆಂದು ಭೂವಿಜ್ಞಾನ ಬಲ್ಲ ನನ್ನ ಸ್ನೇಹಿತರೊಬ್ಬರನ್ನು ಕೇಳಿದೆ. ಅವರ ಮೊದಲ ಪ್ರಶ್ನೆ, “ಊರು ಬರೆದಿದೆಯೆ?” ಎಂದು. ಖನಿಜದ ಹೆಸರನ್ನು ಕಲ್ಲೇ ಹೇಳುತ್ತದಂತೆ: ಗೀಚಿ ನೋಡಿ, ತೂಗಿ ನೋಡಿ, ಒಡೆದ ಮುಖ ನೋಡಿ ಕಂಡುಹಿಡಿಯಬಹುದು. ಊರನ್ನು ಮಾತ್ರ ಎತ್ತಿಕೊಂಡವನೇ ಹೇಳಬೇಕು. ಊರಿಲ್ಲದ ಕಲ್ಲು ವಿದ್ಯೆಗೆ ಅಷ್ಟಾಗಿ ಉಪಯೋಗವಿಲ್ಲ. ಯಾವ ಬಂಡೆಯಲ್ಲಿ, ಯಾವುದರ ಜೊತೆಯಲ್ಲಿ ಹುಟ್ಟಿತೆಂಬುದು ಗೊತ್ತಿದ್ದರೆ ತಾನೆ ಅದರಿಂದ ನೆಲದ ಕಥೆ ತಿಳಿಯುವುದು?

ಬೆವರುತ್ತಲೇ ಟ್ರಂಕು ತೆರೆದೆ. ತೆರೆದವನಿಗೆ ಆಶ್ಚರ್ಯ ಕಾದಿತ್ತು. ೫೦ ಕಲ್ಲುಗಳ ಮೇಲೆ ಹೊಸ ಚೀಟಿಗಳಿದ್ದುವು! ಹೊಸವು ಎಂದರೆ, ೧೯೬೩ರಲ್ಲಿ ಹೊಸವು. ಖಾತೆ ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಮಾವನ ಸಣ್ಣ ಅಕ್ಷರ. ತಾರೀಖು ಆ ವಿಜಯದಶಮಿಯ ಮಾರನೆಯ ವಾರದ್ದು. ನಾವೆಲ್ಲ ಮಲಗಿದ ಮೇಲೆ ದೀಪ ಹಾಕಿಕೊಂಡು ಕುಳಿತು ಒಂದೊಂದಾಗಿ ಊರು ಸೇರಿಸಿದ್ದಾರೆ. ಅಷ್ಟೇ ಅಲ್ಲ, ಪ್ರತಿಯೊಂದಕ್ಕೂ ಕಾರಣ ಬರೆದಿದ್ದಾರೆ. ಪರೀಕ್ಷೆಯ ಹುಡುಗ ಲೆಕ್ಕದ ಪಕ್ಕದಲ್ಲಿ ಕ್ರಮ ಬರೆಯುವ ಹಾಗೆ.

ಆ ಅಂಚುಗಳನ್ನು ಒಂದು ವಾರ ಓದಿದೆ. ಕಾದಂಬರಿ ಓದಿದಷ್ಟು ಸ್ವಾರಸ್ಯವಾಗಿತ್ತು. ಅಭ್ರಕದ ಎರಡು ತುಂಡು. ಹಳ್ಳಿಯ ಕಡೆ ಕಾಗೆಬಂಗಾರ ಎನ್ನುತ್ತಾರಲ್ಲ, ಅದು. ನನ್ನ ಕಣ್ಣಿಗೆ ಎರಡೂ ಒಂದೇ. ಮಾವ ಬರೆದಿದ್ದಾರೆ: “ದಪ್ಪ ಹಲಗೆಯನ್ನು ಬೆಳಕಿಗೆ ಹಿಡಿದರೆ ಹಸಿರು ಛಾಯೆ, ನೆಲ್ಲೂರು. ಮತ್ತೊಂದು ಮಾಣಿಕ್ಯದ ಕೆಂಪು, ಕೊಡರ್ಮಾ.” ನಾನೂ ಕಿಟಕಿಗೆ ಹಿಡಿದು ನೋಡಿದೆ. ನಿಜ! ಆಂಧ್ರದ್ದು ತಿಳಿಹಸಿರು, ಆಗ ಬಿಹಾರದಲ್ಲಿದ್ದು ಈಗ ಝಾರ್ಖಂಡಕ್ಕೆ ಸೇರಿದ ಕೊಡರ್ಮಾದ್ದು ನಸುಗೆಂಪು. ವ್ಯಾಪಾರದವರು ಅದನ್ನು ‘ರೂಬಿ ಮೈಕಾ’ ಎಂದೇ ಕರೆಯುತ್ತಾರಂತೆ. ಇನ್ನೊಂದು ಕಡೆ: “ನೀಲಿ ಬೂದು ಬೆಣಚುಕಲ್ಲು, ಅಂಚಿಗೆ ಅಂಟಿದ ಕಪ್ಪು ಹಾರ್ನ್‌ಬ್ಲೆಂಡ್ ಪದರ. ಚಾಂಪಿಯನ್ ರೀಫ್, ಕೋಲಾರ. ಚಿನ್ನ ಕಣ್ಣಿಗೆ ಕಾಣದು. ಹುಡುಗ ಉಜ್ಜಿದ್ದರಿಂದ ನಷ್ಟವಿಲ್ಲ.” ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿಗಳು ೨೦೦೧ರ ಫೆಬ್ರವರಿಯಲ್ಲಿ ಮುಚ್ಚಿಹೋದುವು. ಈಗ ಹೋಗಿ ಅಂಥ ತುಂಡನ್ನು ತರುತ್ತೇನೆಂದರೂ ಆಗದು. ಮತ್ತೊಂದಕ್ಕೆ, “ಹುಲ್ಲಿನ ಸೂಡನ್ನು ನಡುವೆ ಕಟ್ಟಿದ ಹಾಗಿರುವ ಸ್ಟಿಲ್ಬೈಟ್, ಪಕ್ಕದಲ್ಲಿ ಚೌಕನೆಯ ಆಪೋಫಿಲೈಟ್, ಬುಡದಲ್ಲಿ ದಖನ್ನಿನ ಕಪ್ಪು ಟ್ರ್ಯಾಪ್ ಕಲ್ಲು. ಖಂಡಾಲಾ.” ೧೮೬೩ರಲ್ಲಿ ಮುಗಿದ ಭೋರ್ ಘಾಟಿನ ರೈಲು ರಸ್ತೆಗಾಗಿ ಬೆಟ್ಟ ಕಡಿದಾಗ ಅಂಥ ಹರಳುಗಳು ಸಿಕ್ಕಿ ಪರದೇಶದ ವಸ್ತುಸಂಗ್ರಹಾಲಯಗಳಿಗೆ ಹೋದುವಂತೆ. ಕಲ್ಲಿನ ಬುಡಕ್ಕೆ ಅಂಟಿಕೊಂಡ ಬೇರೆ ಕಲ್ಲೇ ಎಷ್ಟೋ ಸಲ ಮುಖ್ಯ ಸಾಕ್ಷಿ. ಚೆನ್ನಾಗಿ ಕಾಣಲೆಂದು ಅದನ್ನು ಕೆತ್ತಿ ತೆಗೆಯುವವರೂ ಇದ್ದಾರೆ. ಅವರು ನನಗಿಂತ ದೊಡ್ಡ ಪಾಪಿಗಳು.

೪೪ನೆಯ ಸಂಖ್ಯೆಯ ಎದುರಿಗೆ ಒಂದೇ ಮಾತಿತ್ತು: “ಕರಗಿತು.” ಏನೆಂದು ನೋಡಿದರೆ, ಸೈಂಧವ ಲವಣ! ನಿಂಬೆಹಣ್ಣಿನ ಗಾತ್ರದ ಉಪ್ಪಿನ ಹರಳು ರಾತ್ರಿಯೆಲ್ಲ ನಮ್ಮ ಹಂಡೆಯಲ್ಲಿ ನೆನೆದು, ಬೆಳಿಗ್ಗೆ ಬಚ್ಚಲ ತೂಬಿನಲ್ಲಿ ಹರಿದುಹೋಗಿತ್ತು. ತಮಾಷೆ ನೋಡಿ: ಇಡೀ ಟ್ರಂಕಿನಲ್ಲಿ ಚೀಟಿಯ ಹಂಗಿಲ್ಲದೆ ತನ್ನ ಊರನ್ನು ಹೆಸರಿನಲ್ಲಿಯೇ ಹೊತ್ತಿದ್ದುದು ಅದೊಂದೇ, ಸಿಂಧುವಿನ ಸೀಮೆಯದು ಸೈಂಧವ. ಅದೊಂದೇ ಪೂರ್ತಿಯಾಗಿ ಹೋಯಿತು.

ಉಳಿದದ್ದು ಏಳು. ಅವನ್ನು ಮಾವ ಬಟ್ಟೆಯ ಚೀಲವೊಂದರಲ್ಲಿ ಕಟ್ಟಿ, ಮೇಲೆ “ಖಚಿತವಿಲ್ಲ” ಎಂದು ಬರೆದಿಟ್ಟಿದ್ದರು. ಮ್ಯಾಗ್ನೆಸೈಟ್ ಎಂಬ ಬಿಳಿಯ ಕಲ್ಲು ಎರಡು, ಕಬ್ಬಿಣದ ಅದಿರು ಎರಡು, ಸ್ಫಟಿಕ ಮೂರು. ಪುಸ್ತಕದಲ್ಲಿ ಏಳು ಊರುಗಳಿವೆ, ಚೀಲದಲ್ಲಿ ಏಳು ಕಲ್ಲುಗಳಿವೆ; ಯಾವುದಕ್ಕೆ ಯಾವುದೆಂಬುದಷ್ಟೇ ಪ್ರಶ್ನೆ. ಬಿಳಿಯದರಲ್ಲಿ ಒಂದು ಮೈಸೂರಿನ ಪಕ್ಕದ ದೊಡ್ಡಕಾನ್ಯದ್ದು, ಇನ್ನೊಂದು ಸೇಲಂನದು. (ಸೇಲಂನ ಆ ಗುಡ್ಡಗಳಿಗೆ ‘ಚಾಕ್ ಹಿಲ್ಸ್’ ಎಂದು ಹೆಸರು. ಅಲ್ಲಿ ಸೀಮೆಸುಣ್ಣ ಒಂದು ಚೂರೂ ಇಲ್ಲ. ದೂರದಿಂದ ಬಿಳುಪು ನೋಡಿ ಯಾರೋ ಇಟ್ಟ ಹೆಸರು.) ಎರಡೂ ಹೂಕೋಸಿನಂಥ ಮೈ, ಪಿಂಗಾಣಿಯಂಥ ಒಡಕು. ಎರಡರಲ್ಲಿ ದೊಡ್ಡದು ನನ್ನ ಕೈಲಾಸ. ನೋಡಿದ ಕೂಡಲೇ ಗುರುತು ಹಿಡಿದೆ. ಬುಡದಲ್ಲಿ ಒರಳುಗುಂಡಿನ ಏಟಿತ್ತು.

ಏಟು ನೋಡಿದಾಗ ಹೊಳೆಯಿತು. ಕುಟ್ಟಿದ ಚೂರು ಎಲ್ಲಿ ಹೋಯಿತು? ಹಂಡೆಗೆ ಹಾಕುವ ಮುಂಚೆ ಕುಟ್ಟಿದ್ದು. ಆದ್ದರಿಂದ ಚೂರು ನೀರು ಕಂಡಿಲ್ಲ. ಬೊಂಬೆಯ ಪೆಟ್ಟಿಗೆ ಈಗ ನನ್ನ ತಂಗಿಯ ಮನೆಯಲ್ಲಿದೆ. ಹೋಗಿ, ಅಟ್ಟದಿಂದ ಇಳಿಸಿ, ಪಟ್ಟದ ಬೊಂಬೆ, ಶೆಟ್ಟಿ, ಶೆಟ್ಟಿಯ ಹೆಂಡತಿ, ಒಂದು ಕಾಲು ಮುರಿದ ದರಬಾರಿನ ಸಿಪಾಯಿ ಎಲ್ಲರನ್ನೂ ಹಳೆಯ ಸೀರೆಯ ಚಿಂದಿಯಿಂದ ಬಿಡಿಸಿ ತೆಗೆದೆ. ತಂಗಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ತಳದಲ್ಲಿ, ಚಿಂದಿಯ ಸಣ್ಣ ಗಂಟೊಂದರಲ್ಲಿ, ಅಡಕೆಯಷ್ಟು ದೊಡ್ಡ ಬಿಳಿಯ ಚೂರು, ಅದರ ಮೇಲೆ ಹಳದಿಯಾದ ಚೀಟಿ, ಚೀಟಿಯಲ್ಲಿ ‘೩೧’. ಗಂಟು ಕಟ್ಟಿ ಬಚ್ಚಿಟ್ಟವನು ನಾನೇ ಇರಬೇಕು. ಒಡೆದದ್ದು ತಪ್ಪೆಂದು ಆಗಲೇ ಗೊತ್ತಿತ್ತೆಂದಾಯಿತು. ಇಷ್ಟು ವರ್ಷ ‘ತಿಳಿಯದ ವಯಸ್ಸು’ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ.

ಚೂರು ಕೈಲಾಸದ ಬುಡಕ್ಕೆ ಹಲ್ಲಿಗೆ ಹಲ್ಲು ಕೂಡಿದ ಹಾಗೆ ಕೂಡಿತು. ಪುಸ್ತಕದಲ್ಲಿ ೩೧: ದೊಡ್ಡಕಾನ್ಯ. ಹಾಗಾದರೆ ಇನ್ನೊಂದು ಸೇಲಂನದು.

ಈ ಗೆಲುವು ನನ್ನ ತಲೆಗೇರಿತು. ಅದಿರಿನ ತುಂಡುಗಳಲ್ಲಿ ಒಂದು ಕೆಮ್ಮಣ್ಣುಗುಂಡಿಯದು, ಒಂದು ಸೊಂಡೂರಿನದು. ಪುಸ್ತಕ ನೋಡಿ ಕಲಿತ ವಿದ್ಯೆಯಂತೆ ಕಾಫಿ ಬಟ್ಟಲನ್ನು ಬೋರಲು ಹಾಕಿ, ಹೊಳಪಿಲ್ಲದ ಅಡಿಯ ಅಂಚಿನ ಮೇಲೆ ಎರಡನ್ನೂ ಗೀಚಿದೆ. ಎರಡೂ ಕುಂಕುಮಗೆಂಪಿನ ಗೆರೆ ಎಳೆದುವು. ಹೆಮಟೈಟ್ ಎಲ್ಲಿಯದಾದರೂ ಹಾಗೆಯೇ ಗೆರೆ ಎಳೆಯುತ್ತದೆ. ಬಟ್ಟಲು ಕೆಟ್ಟಿತೆಂದು ನನ್ನಾಕೆ ಗೊಣಗಿದಳು, ಅಷ್ಟೇ ಫಲ. ಆದರೆ ಒಂದು ತುಂಡು ಸ್ವಲ್ಪ ಪದರ ಪದರವಾಗಿತ್ತು. ಕೆಮ್ಮಣ್ಣುಗುಂಡಿಗೆ ಮಾವ ಒಮ್ಮೆ ನನ್ನನ್ನು ಕರೆದೊಯ್ದಿದ್ದರು. ಭದ್ರಾವತಿಯ ಕಾರ್ಖಾನೆಗೆಂದು ಅದಿರಿನ ತೊಟ್ಟಿಗಳು ಆಕಾಶದಲ್ಲಿ ಹಗ್ಗದ ಮೇಲೆ ತೂಗುತ್ತ ಇಳಿಯುತ್ತಿದ್ದುದನ್ನು ಬಾಯಿ ಬಿಟ್ಟು ನೋಡಿದ್ದೆ. ಈ ತುಂಡು ಅಲ್ಲಿಯದೇ ಆಗಿರಬೇಕೆಂದು ಮನಸ್ಸು ಹೇಳಿತು. ಚೀಟಿ ಬರೆದು, ಗೋಂದು ಹಚ್ಚಿ, ಸ್ನೇಹಿತರಿಗೆ ಒಯ್ದು ತೋರಿಸಿದೆ.

“ಹೇಗೆ ಗೊತ್ತಾಯಿತು?” ಎಂದರು.

“ಹಾಗೆನಿಸಿತು.”

ಅವರು ನಗಲಿಲ್ಲ. ಇಂಗ್ಲೆಂಡಿನ ಆರ್ಥರ್ ಕಿಂಗ್ಸ್‌ಬರಿ ಎಂಬಾತನ ಕಥೆ ಹೇಳಿದರು. ೧೯೬೮ರಲ್ಲಿ ತೀರಿಕೊಂಡ ಆತ ಬಹು ಪ್ರಸಿದ್ಧ ಸಂಗ್ರಾಹಕ. ಆ ದೇಶದಲ್ಲಿ ಯಾರೂ ಕಾಣದ ಖನಿಜಗಳನ್ನು ಇಂಥಿಂಥ ಗಣಿಯಲ್ಲಿ ಕಂಡೆನೆಂದು ಚೀಟಿ ಸಹಿತ ತೋರಿಸುತ್ತಿದ್ದನಂತೆ. ಸಂಗ್ರಹವೆಲ್ಲ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಸೇರಿತು. ಆತ ಸತ್ತ ಎಷ್ಟೋ ವರ್ಷಗಳ ಮೇಲೆ ಪಂಡಿತರು ಮತ್ತೆ ಪರೀಕ್ಷಿಸಿ, ಅನೇಕ ಕಲ್ಲುಗಳು ಚೀಟಿಯ ಊರಿನವಲ್ಲವೆಂದು ೧೯೯೮ರಲ್ಲಿ ಪ್ರಕಟಿಸಿದರು. ಕೆಟ್ಟದ್ದು ಸುಳ್ಳು ಚೀಟಿಗಳಷ್ಟೇ ಅಲ್ಲ. ಆತ ನಿಜವಾಗಿ ಹುಡುಕಿದ ಕಲ್ಲುಗಳನ್ನೂ ಈಗ ನಂಬುವ ಹಾಗಿಲ್ಲ. “ನಿಮ್ಮ ಮಾವನ ೫೦ ಚೀಟಿಗಳಿವೆ, ಅವುಗಳ ಪಕ್ಕದಲ್ಲಿ ನಿಮ್ಮ ‘ಹಾಗೆನಿಸಿತು’ ಒಂದನ್ನು ಕೂರಿಸುತ್ತೀರಾ?” ಎಂದರು.

ಯಂತ್ರಗಳಿಂದ ಆಗದೇ ಎಂದು ಕೇಳಿದೆ. ಆಗುತ್ತದೆ, ಕೆಲವಕ್ಕೆ. ಹೈದರಾಬಾದಿನ ನಿಜಾಮರ ಭಂಡಾರದ್ದೆಂಬ ಹಳೆಯ ಪಚ್ಚೆಗಳು ಯಾವುದೋ ಮರೆತುಹೋದ ಏಷ್ಯಾದ ಗಣಿಯವೆಂದು ಪ್ರತೀತಿಯಿತ್ತು. ಹರಳಿನೊಳಗಿನ ಆಮ್ಲಜನಕದ ಪರಮಾಣುಗಳಲ್ಲಿ ಭಾರದವು ಎಷ್ಟು, ಹಗುರದವು ಎಷ್ಟು ಎಂದು ಅಳೆದು, ಪರೀಕ್ಷಿಸಿದವುಗಳಲ್ಲಿ ಬಹುಪಾಲು ದಕ್ಷಿಣ ಅಮೆರಿಕದ ಕೊಲಂಬಿಯಾದವೆಂದು ೨೦೦೦ದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಸಮುದ್ರ ದಾಟಿ ಬಂದದ್ದನ್ನು ಕಲ್ಲು ಮರೆತಿರಲಿಲ್ಲ. ಆದರೆ ನಿಜಾಮರ ಪಚ್ಚೆಗೆ ಸಲ್ಲುವ ಉಪಚಾರ ನನ್ನ ಎರಡು ತುಂಡು ಅದಿರಿಗೆ ಯಾರು ಮಾಡುತ್ತಾರೆ? ಸ್ಫಟಿಕಗಳ ಪಾಡಂತೂ ಇನ್ನೂ ಕಷ್ಟ. ಒಂದು ತಂಜಾವೂರಿನ ಬಳಿಯ ವಲ್ಲಂನದು, ಹಿಂದೆ ಅಲ್ಲಿಯ ಸ್ಫಟಿಕದಿಂದ ಕನ್ನಡಕ ಮಾಡುತ್ತಿದ್ದರು. ಒಂದು ಹರಿದ್ವಾರದಲ್ಲಿ ಕೊಂಡದ್ದು. ಮೂರನೆಯದು ಮುಂಬಯಿಯ ವ್ಯಾಪಾರಿಯೊಬ್ಬನದು. ಅದರ ಎದುರಿಗೆ ಮಾವನೇ ಮೊದಲಿನಿಂದ ಬರೆದಿದ್ದರು: “ಊರು ಕೇಳಿದ್ದಕ್ಕೆ ನಕ್ಕ.” ತಾನು ತರಿಸುವ ಜಾಗವನ್ನು ಯಾವ ವ್ಯಾಪಾರಿ ತಾನೆ ಬಿಟ್ಟುಕೊಡುತ್ತಾನೆ?

ಮನೆಗೆ ಬಂದು ಗೋಂದು ಒಣಗಿದ್ದ ಚೀಟಿಯನ್ನು ಬಟ್ಟೆ ಒದ್ದೆಮಾಡಿ ಬಿಡಿಸಿದೆ. ಪುಸ್ತಕದ ಅಂಚಿನಲ್ಲಿ, ಮಾವನ ಕೆಂಪು ಶಾಯಿಯ ಕೆಳಗೆ, ೩೧ರ ಎದುರಿಗೆ ಬರೆದೆ: “ಬೊಂಬೆ ಪೆಟ್ಟಿಗೆಯಲ್ಲಿ ಸಿಕ್ಕ ಚೂರಿನಿಂದ ಖಚಿತ. ಚೂರು ಬಚ್ಚಿಟ್ಟವನು ನಾನು.” ಸೇಲಂನ ಸಂಖ್ಯೆಯ ಎದುರಿಗೂ ಕಾರಣ ಬರೆದು, ಕೆಳಗೆ ತಾರೀಖು ಹಾಕಿದೆ. ೫೨ ಕಲ್ಲುಗಳು ಪುಸ್ತಕದೊಡನೆ ಒಂದು ಕಾಲೇಜಿಗೆ ಹೋಗುತ್ತಿವೆ. ಪುಸ್ತಕವನ್ನು ಬಿಟ್ಟುಕೊಡುವುದಕ್ಕೆ ಮನಸ್ಸಿಲ್ಲದೆ ನಾಲ್ಕು ದಿನ ತಡಮಾಡಿದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಉಳಿದ ಐದು ಮನೆಯಲ್ಲಿವೆ. ಈ ನವರಾತ್ರಿಗೆ ತಂಗಿಯ ಮೊಮ್ಮಗಳು ಬೆಟ್ಟ ಮಾಡಲು ಕಲ್ಲು ಕೇಳಿಕೊಂಡು ಬಂದಳು, ಕೊಟ್ಟೆ. “ತೊಳೆಯಬೇಡ” ಎಂದು ಹೇಳಿದೆ.

“ಯಾಕಜ್ಜ, ಇದರ ಮೇಲೆ ಏನೂ ಬರೆದಿಲ್ಲವಲ್ಲ?” ಎಂದಳು.

“ಆದರೂ ತೊಳೆಯಬೇಡ” ಎಂದೆ.