ಒಳ್ಳೆಯ ಎಲೆಯನ್ನು ಕೆಳಗಿಡುವುದು

ಧರ್ಮಗುರುವೊಬ್ಬ ಇಸ್ಪೀಟಿನ ಬಗ್ಗೆ ಬರೆಯಲು ಕುಳಿತಿದ್ದಾನಲ್ಲ ಎಂದು ಓದುಗರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಗುರುಮಠದಲ್ಲಿದ್ದಾಗ ಮಳೆಗಾಲದ ಸಂಜೆಗಳಲ್ಲಿ ನಾವೆಲ್ಲ ರಮ್ಮಿ ಆಡಿದವರೇ. ಆದರೆ ಹಣ ಕಟ್ಟಿ ಎಂದೂ ಆಡಿದವನಲ್ಲ ನಾನು. ಈಗ ಬರೆಯಲು ಕಾರಣ ಕರಣಕೋಟದ ಒಬ್ಬ ಯುವಕ. ಹೆಸರು ಹಾಕದೆ ಬರೆಯಿರಿ ಎಂದು ಅವನೇ ಒಪ್ಪಿಗೆ ಕೊಟ್ಟಿದ್ದಾನೆ.

ತಾಂಡೂರಿನ ಹತ್ತಿರದ ಕರಣಕೋಟವನ್ನು ಹಲವರು ಅಲ್ಲಿನ ಸಿಮೆಂಟ್ ಕಾರ್ಪೊರೇಷನ್ ಕಾರ್ಖಾನೆಯಿಂದ ಬಲ್ಲರು. ಸುತ್ತ ಕಲ್ಲಿನ ಗಣಿಗಳು, ತೊಗರಿ ಹೊಲಗಳು. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಮ್ಮ ಯುವಕ ಕಲ್ಲು ಪಾಲಿಶ್ ಮಾಡುವ ಕಡೆ ದುಡಿಯುತ್ತಾನೆ. ದೀಪಾವಳಿಯ ರಾತ್ರಿ ಮೂರೆಲೆ ಆಟಕ್ಕೆ ಕುಳಿತು ಕೈಯಲ್ಲಿದ್ದ ಸಂಬಳವನ್ನೂ ಬೈಕನ್ನೂ ಕಳೆದುಕೊಂಡ. ಹೆಂಡತಿ ಅತ್ತುಕೊಂಡು ಗುರುಮನೆಗೆ ಬಂದಳು. ಮರುದಿನ ಅವನೂ ಬಂದ. ಬೈಯುವ ಮನಸ್ಸು ನನಗಿರಲಿಲ್ಲ. ಅದನ್ನು ಮನೆಯಲ್ಲಿ ಈಗಾಗಲೇ ಎಲ್ಲರೂ ಮಾಡಿದ್ದರು. ಅವನು ಹೇಳಿದ್ದು ಒಂದೇ ಮಾತು: "ಎಲಿ ಛಲೋ ಬಿದ್ದಿದ್ವು ಫಾದರ್. ಕಲರ್ ಇತ್ತು. ಹೆಂಗ ಬಿಡ್ಲಿ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. 52 ಎಲೆಗಳಿಂದ ಮೂರನ್ನು ಆರಿಸಿದರೆ 22,100 ಬಗೆಯ ಕೈಗಳಾಗುತ್ತವೆ. ಅದರಲ್ಲಿ ಒಂದೇ ಬಣ್ಣದ ಮೂರೆಲೆಯನ್ನು ಮೀರಿಸುವ ಟ್ರೇಲು, ಸೀಕ್ವೆನ್ಸುಗಳೆಲ್ಲ ಸೇರಿ 820 ಮಾತ್ರ. ನೂರಕ್ಕೆ ನಾಲ್ಕೂ ಇಲ್ಲ. ಇಷ್ಟು ಗಟ್ಟಿ ಕೈಯನ್ನು ಯಾರು ತಾನೇ ಬಿಟ್ಟಾರು? ಆದರೆ ಈ ಲೆಕ್ಕ ಎದುರಿನವನು ತನ್ನ ಎಲೆಯನ್ನು ನೋಡುವ ಮೊದಲಿನದು. ಅವನು ನೋಡಿದ ಮೇಲೆ, ಉಳಿದವರೆಲ್ಲ ಪ್ಯಾಕ್ ಆದ ಮೇಲೆಯೂ ಹಣ ಏರಿಸುತ್ತಲೇ ಇದ್ದರೆ, ಅವನ ಕೈ ಆ 22,100ರಲ್ಲಿ ಯಾವುದೋ ಒಂದು ಎನ್ನಲಾಗದು.

ಯುವಕನಿಗೆ ನಾನು ಹೇಳಿದ್ದು ಉಪದೇಶವಲ್ಲ, ಬೇಸಿಗೆ ರಜೆಯ ಒಂದು ಆಟದ ಕತೆ. ಅಕ್ಕನ ಮಗ ಬಂದಿದ್ದಾಗ ಪೋಕರ್ ಕಲಿಸಿದ. ಹಣದ ಬದಲು ತೊಗರಿ ಕಾಳು. ಪಕ್ಕದ ಮನೆಯ ಕಾಕಾ, ಕಾರ್ಖಾನೆಯಿಂದ ನಿವೃತ್ತರು, ಅವರೂ ಕುಳಿತರು. ಈ ಆಟದಲ್ಲಿ ಪ್ರತಿಯೊಬ್ಬರ ಕೈಯಲ್ಲಿ ಎರಡು ಗುಟ್ಟಿನ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ಒಂದೊಂದಾಗಿ ಬಯಲಾಗುತ್ತವೆ: ಮೊದಲು ಮೂರು, ಮತ್ತೆ ಒಂದು, ಕಡೆಗೆ ಒಂದು. ನನ್ನ ಕೈಯಲ್ಲಿ ಆಟೀನಿನ ಎಕ್ಕ, ಕಳಾವರದ ರಾಜ. ನಡುವೆ ಬಿದ್ದದ್ದು ಡೈಮನ್ ಎಕ್ಕ, ಇಸ್ಪೀಟು ರಾಜ, ಇಸ್ಪೀಟು ಎಂಟು. ಎರಡು ದೊಡ್ಡ ಜೋಡಿ! ನಾನು ಕಾಳು ಹಾಕಿದೆ, ಕಾಕಾ ಸುಮ್ಮನೆ ಸರಿಸಮ ಹಾಕಿದರು. ನಾಲ್ಕನೆಯದು ಡೈಮನ್ ಮೂರು. ಮತ್ತೆ ಹಾಗೆಯೇ. ಐದನೆಯದು ಇಸ್ಪೀಟು ಐದು. ಆಗ ನಡುವೆ 40 ಕಾಳು ಇದ್ದವು. ನಾನು 20 ಹಾಕಿದೆ. ಕಾಕಾ ಮೀಸೆ ಸವರಿಕೊಂಡು 80 ಹಾಕಿದರು.

ನಡುವೆ ಮೂರು ಇಸ್ಪೀಟು. ಕಾಕಾನ ಕೈಯಲ್ಲಿ ಇನ್ನೆರಡು ಇಸ್ಪೀಟು ಇದ್ದರೆ ನನ್ನ ಎಕ್ಕ-ರಾಜರಿಗೆ ಬೆಲೆಯಿಲ್ಲ. ನೋಡಬೇಕೆಂದರೆ ಇನ್ನೂ 60 ಕಾಳು ಕೊಡಬೇಕು. ಕೊಟ್ಟರೆ ನಡುವಿನ ರಾಶಿ 200. ಅಂದರೆ ಇಂಥ ಹತ್ತು ಸಂದರ್ಭಗಳಲ್ಲಿ ಮೂರರಲ್ಲಿ ನಾನು ಗೆದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಕಡಿಮೆಯಾದರೆ ಎಲೆ ಕೆಳಗಿಡುವುದೇ ಸರಿ. ನಾನು ಮೊದಲು ಹಾಕಿದ 20 ಕಾಳು ಈ ಲೆಕ್ಕದಲ್ಲಿ ನನ್ನದಲ್ಲ. ಅದು ರಾಶಿಯ ಪಾಲಾಯಿತು.

ನಾನು ಕಾಣದ ಎಲೆಗಳು 45. ಅವುಗಳಿಂದ 990 ಜೊತೆಗಳಾಗುತ್ತವೆ. ಎರಡೂ ಇಸ್ಪೀಟಾಗಿರುವವು 45, ಅಂದರೆ 22ಕ್ಕೆ ಒಂದು. ಅಷ್ಟನ್ನೇ ಹಿಡಿದುಕೊಂಡರೆ ಧೈರ್ಯ ಬರುತ್ತದೆ. ಆದರೆ ನಡುವೆ ಎರಡು ಇಸ್ಪೀಟು ಕಂಡಾಗಿನಿಂದ ಕಾಕಾ ಏರಿಸದೆ, ಬಿಡದೆ, ಏನನ್ನೋ ಕಾಯುವವರಂತೆ ಬಂದಿದ್ದರು. ಮೂರನೆಯ ಇಸ್ಪೀಟು ಬಿದ್ದ ಕೂಡಲೇ ಏರಿಸಿದರು. ಆ ಸಂಜೆ ಕಡೆಯ ಎಲೆಗೆ ಅವರು ಏರಿಸಿದ್ದು ಎರಡೇ ಬಾರಿ. ಎರಡು ಸಲವೂ ಗಟ್ಟಿ ಕೈಯನ್ನೇ ತೋರಿಸಿದ್ದರು. ಎಕ್ಕ-ಎಂಟು ಹಿಡಿದು ಏರಿಸುವವರೂ ಇರುತ್ತಾರೆ, ಬರಿಗೈಯಲ್ಲಿ ಹೆದರಿಸುವವರೂ ಇರುತ್ತಾರೆ. ಕಾಕಾ ಆ ಜಾತಿಯವರಲ್ಲ. ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದ ಅರಸನ ಬಳಿ ಹತ್ತು ಸಾವಿರ ಸೈನಿಕರಿದ್ದರು, ಅದೇನು ಸಣ್ಣ ಪಡೆಯೇ? ಎದುರಿಗೆ ಬರುತ್ತಿದ್ದುದು ಇಪ್ಪತ್ತು ಸಾವಿರ ಅಷ್ಟೆ.

ಎಲೆ ಕೆಳಗಿಟ್ಟೆ. ಅಕ್ಕನ ಮಗನಿಗೆ ತಡೆಯಲಾಗಲಿಲ್ಲ. "ಏನು ಮಾವ, ಎಕ್ಕ-ರಾಜ ಬಿಟ್ಟುಬಿಟ್ರಾ! ಕಾಕಾ, ನಿಮ್ಮದು ತೋರಿಸಿ." ಕಾಕಾ ತಮ್ಮ ಎಲೆಗಳನ್ನು ಬೋರಲು ಹಾಕಿಯೇ ಕಟ್ಟಿನೊಳಗೆ ಸೇರಿಸಿದರು. "ನೋಡಬೇಕಂದ್ರ ಅರವತ್ತು ಕಾಳು ಕೊಡಬೇಕಿತ್ತಪಾ" ಎಂದರು.

ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಮೂರೆಲೆಯ ಆಟದಂತೆ ಅದು ಪೂರಾ ಅದೃಷ್ಟದ್ದಲ್ಲ ಎಂದೂ ಹೇಳಿತು. ತೆಲಂಗಾಣ 2017ರಲ್ಲಿ ಹಣದ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಮಾಡಿತು. ದೀಪಾವಳಿಯ ಜಮಖಾನೆಯ ಮೇಲಿನ ಆಟ ಮಾತ್ರ ನಡೆದೇ ಇದೆ.

ಕತೆ ಕೇಳಿದ ಯುವಕ ಕೇಳಿದ: "ಕಾಕಾ ಸುಳ್ಳೇ ಹೆದರಿಸಿದ್ರ?"

"ಇರಬಹುದು. ಹತ್ತರಲ್ಲಿ ಎರಡು ಸಲ ಹಾಗೆ ಮಾಡಿದರೂ ನಾನು ಬಿಟ್ಟದ್ದೇ ಸರಿ. ನಾಲ್ಕು ಸಲ ಮಾಡುವವರಾದರೆ ಅರವತ್ತು ಕಾಳು ಕೊಡಬೇಕಿತ್ತು. ನಿನ್ನ ಎದುರಿಗಿದ್ದವನು ಎಂಥವನು?"

ಅವನು ಬಹಳ ಹೊತ್ತು ನೆಲ ನೋಡಿದ. "ಅವನ ಮಾರಿ ನೋಡಲೇ ಇಲ್ರೀ ಫಾದರ್. ನನ್ನ ಎಲಿನೇ ನೋಡ್ಕೋತ ಕುಂತಿದ್ದೆ."

ಬೈಕು ಈಗಲೂ ಗೆದ್ದವನ ಮನೆಯ ಮುಂದೆಯೇ ನಿಂತಿದೆ. ಬಿಡಿಸಿಕೊಳ್ಳಲು ಇನ್ನೂ ನಾಲ್ಕು ತಿಂಗಳ ದುಡಿಮೆ ಬೇಕಂತೆ. ಅಲ್ಲಿಯತನಕ ಅವನು ಕೆಲಸಕ್ಕೆ ನಡೆದೇ ಹೋಗುತ್ತಾನೆ.