ರಸಾವರಿ

ಹದಮಳೆ ಸುರಿದ ಮರುದಿನ ಹೊಲದತ್ತ ನಡೆದವರಿಗೆ ಒಂದು ಸೋಜಿಗವು ಕಂಡೇ ಇರುತ್ತದೆ. ತಿಂಗಳುಗಟ್ಟಲೆ ಬಾವಿಯ ನೀರನ್ನು ಕುಡಿದರೂ ಮಂಕಾಗಿಯೇ ಇದ್ದ ಪೈರು ಒಂದೇ ಮಳೆಗೆ ನಳನಳಿಸತೊಡಗುತ್ತದೆ. ಮಳೆನೀರಿನ ಗುಣವೇ ಬೇರೆ ಎಂದು ಹಿರಿಯರು ಹೇಳುವ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಮಳೆನೀರಿನಲ್ಲಿ ಲವಣವು ತೀರ ಕಡಿಮೆ. ಬೇರಿನ ಸುತ್ತ ಕೂಡಿಕೊಂಡ ಉಪ್ಪನ್ನು ಅದು ತೊಳೆದು ಕೆಳಕ್ಕಿಳಿಸುತ್ತದೆ.

ಇಂಥ ಮಳೆಯ ಒಂದು ಹನಿಯೂ ಬೀಳದಂತೆ ಸೂರು ಹೊದಿಸಿ ಬೆಳೆ ತೆಗೆಯುವ ಬೇಸಾಯವೊಂದಿದೆ. ಶೀತದೇಶಗಳಲ್ಲಿ ಗಾಜಿನಿಂದ ಕಟ್ಟುವ ರೂಢಿಯಿದ್ದ ಹಸಿರುಮನೆಯು ಕರ್ನಾಟಕದಲ್ಲಿ ಕಬ್ಬಿಣದ ಕಮಾನುಗಳ ಮೇಲೆ ಹೊದಿಸಿದ ಪಾಲಿಥೀನ್ ಹಾಳೆಯ ರೂಪವನ್ನು ತಾಳಿದೆ. ರೈತರು ಅದನ್ನು ಪಾಲಿಹೌಸ್ ಎನ್ನುತ್ತಾರೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಕಡೆ ಇಂಥ ಸೂರುಗಳ ಕೆಳಗೆ ಗುಲಾಬಿ, ಜರ್ಬೆರಾ, ದೊಣ್ಣೆ ಮೆಣಸಿನಕಾಯಿಗಳು ಬೆಳೆಯುತ್ತವೆ. ಆಲಿಕಲ್ಲು, ಬಿರುಗಾಳಿ, ಬಿರುಬಿಸಿಲುಗಳ ಹೊಡೆತ ಇಲ್ಲಿ ಕಡಿಮೆ. ಆದರೆ ಮಳೆ ಮಾಡುತ್ತಿದ್ದ ಕೆಲಸವೆಲ್ಲವೂ ಮನುಷ್ಯನ ತಲೆಯ ಮೇಲೆ ಬೀಳುತ್ತದೆ.

ಗಿಡವು ಉಣ್ಣುವುದಿಲ್ಲ, ಕುಡಿಯುತ್ತದೆ. ಮಣ್ಣಿನಿಂದ ಅದು ಪಡೆಯುವ ಸಾರವೆಲ್ಲ ನೀರಿನಲ್ಲಿ ಕರಗಿಯೇ ಬೇರನ್ನು ಸೇರಬೇಕು. ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸಾಕ್ಸ್ 1860ರ ಸುಮಾರಿಗೆ ಮಣ್ಣೇ ಇಲ್ಲದೆ, ಕೆಲವು ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಬೆಳೆಸಿ ತೋರಿಸಿದನು. ಹಳ್ಳಿಯ ರೈತನಿಗೂ ಈ ತತ್ತ್ವವು ಅನುಭವದಿಂದ ತಿಳಿದಿತ್ತು. ಸಗಣಿ ಗಂಜಲಗಳನ್ನು ಕದಡಿದ ನೀರನ್ನು ಕಾಲುವೆಗೆ ಬಿಟ್ಟು ತೋಟಕ್ಕೆ ಹಾಯಿಸುವಾಗ ಅವನು ಮಾಡುತ್ತಿದ್ದುದೂ ಇದನ್ನೇ. ಅಳತೆಯೊಂದು ಇರಲಿಲ್ಲ, ಅಷ್ಟೆ. ಇಸ್ರೇಲಿನ ಸಿಮ್ಚಾ ಬ್ಲಾಸ್ ಎಂಬ ಎಂಜಿನಿಯರನು ರೂಪಿಸಿದ ಹನಿ ನೀರಾವರಿಯ ಸಾಧನಗಳನ್ನು ಹಾಟ್ಜೆರಿಮ್ ಎಂಬ ಕೃಷಿಗ್ರಾಮವು 1965ರಿಂದ ತಯಾರಿಸತೊಡಗಿದ ಮೇಲೆ ಆ ಅಳತೆಯೂ ಕೈಗೆಟುಕಿತು. ಗಿಡದ ಬುಡಕ್ಕೆ ಇಷ್ಟೇ ನೀರು ಎಂದು ಹನಿಸಬಲ್ಲವನು ಇಷ್ಟೇ ಗೊಬ್ಬರ ಎಂದೂ ಹನಿಸಬಲ್ಲನಷ್ಟೆ. ಹೀಗೆ ನೀರಿನೊಡನೆ ರಸಗೊಬ್ಬರವನ್ನು ಬೆರೆಸಿ ಕೊಡುವ ಕ್ರಮಕ್ಕೆ ಕನ್ನಡದ ಕೃಷಿ ಬರಹಗಳಲ್ಲಿ ರಸಾವರಿ ಎಂಬ ಚೆಲುವಾದ ಹೆಸರಿದೆ.

ಕೊಳವೆಯಲ್ಲಿ ಒತ್ತಡದಿಂದ ನುಗ್ಗುವ ನೀರಿನೊಳಕ್ಕೆ ಗೊಬ್ಬರದ ದ್ರವವನ್ನು ಸೇರಿಸುವುದು ಹೇಗೆ? ಅತ್ಯಂತ ಸರಳವಾದುದು ಮುಚ್ಚಿದ ತೊಟ್ಟಿಯ ವಿಧಾನ. ಒಂದು ಕಡೆಯಿಂದ ನೀರು ಒಳಹೊಕ್ಕು, ಗೊಬ್ಬರವನ್ನು ಕರಗಿಸಿಕೊಂಡು, ಇನ್ನೊಂದು ಕಡೆಯಿಂದ ಹೊರಡುತ್ತದೆ. ಆದರೆ ಮೊದಲು ಹೊರಡುವ ನೀರು ಗಟ್ಟಿಯಾಗಿದ್ದು ಬರಬರುತ್ತ ತೆಳುವಾಗುತ್ತದೆ. ಮಡಿಗಳಿಗೆ ಸರದಿಯಂತೆ ಬಿಟ್ಟರೆ ಮೊದಲ ಪಂಕ್ತಿಗೆ ಪಾಯಸ, ಕೊನೆಯ ಪಂಕ್ತಿಗೆ ಪಾತ್ರೆ ತೊಳೆದ ನೀರು ಎಂಬಂತಾಗುತ್ತದೆ.

ಎರಡನೆಯ ಸಾಧನವು ಇದಕ್ಕಿಂತ ಜಾಣತನದ್ದು. ನಡುವೆ ಕಿರಿದಾದ ಕೊಳವೆಯಲ್ಲಿ ನೀರು ಹರಿಯುವಾಗ ಆ ಕಿರಿದಾದ ಎಡೆಯಲ್ಲಿ ವೇಗವು ಹೆಚ್ಚಿ ಒತ್ತಡವು ತಗ್ಗುತ್ತದೆ. ಇಟಲಿಯ ವೆಂಚುರಿ ಎಂಬ ವಿಜ್ಞಾನಿಯು 1797ರಲ್ಲಿ ಇದನ್ನು ವಿವರಿಸಿದನು. ಆ ಕೊರಳಿಗೆ ಸಣ್ಣ ನಳಿಕೆಯೊಂದನ್ನು ಜೋಡಿಸಿ ಅದರ ತುದಿಯನ್ನು ಗೊಬ್ಬರದ ಡ್ರಮ್ಮಿನಲ್ಲಿ ಇಳಿಬಿಟ್ಟರೆ ದ್ರವವು ತಾನಾಗಿ ಮೇಲೇರಿ ಬೆರೆಯುತ್ತದೆ. ಬೇರೆ ಮೋಟಾರು ಬೇಡ, ಓಡಾಡುವ ಭಾಗವೊಂದೂ ಇಲ್ಲ. ರೈತರ ಬಾಯಲ್ಲಿ ಈ ಸಾಧನದ ಹೆಸರೂ ವೆಂಚುರಿಯೇ. ಇದಕ್ಕೆ ನೀರಿನ ಒತ್ತಡದಲ್ಲಿ ಒಂದು ಪಾಲನ್ನು ತೆರಬೇಕಾಗುವುದೊಂದೇ ಕೊರತೆ. ಕೈಯಲ್ಲಿ ಹಣವುಳ್ಳವರು ಮಿತಪೂರಣದ ಪಂಪುಗಳನ್ನು ಇಡುತ್ತಾರೆ. ನೂರು ಲೀಟರ್ ನೀರು ಹರಿದರೆ ಒಂದು ಲೀಟರ್ ದ್ರವವನ್ನು ಅದು ತಪ್ಪದೆ ಸೇರಿಸುತ್ತದೆ. ಗಿಡದ ಬುಡದಲ್ಲಿ ಲೀಟರಿಗೆ 1 ಗ್ರಾಂ ಬೇಕೆಂದರೆ ಡ್ರಮ್ಮಿನಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಕರಗಿಸಿಟ್ಟರಾಯಿತು.

ಕರಗಿಸುವುದರಲ್ಲಿಯೂ ಒಂದು ಶಿಸ್ತಿದೆ. ಯೂರಿಯಾ, ಪೊಟ್ಯಾಸಿಯಂ ನೈಟ್ರೇಟುಗಳು ಕರಗುವಾಗ ನೀರಿನ ಬಿಸಿಯನ್ನು ಹೀರುವುದರಿಂದ ಡ್ರಮ್ಮು ಮುಟ್ಟಿದರೆ ತಣ್ಣಗಿರುತ್ತದೆ. ತಣ್ಣಗಾದ ನೀರಿನಲ್ಲಿ ಅವು ಕರಗುವುದೂ ಕಡಿಮೆ. ಆದುದರಿಂದ ಅವಸರ ಸಲ್ಲದು. ಕ್ಯಾಲ್ಸಿಯಂ ನೈಟ್ರೇಟಿನೊಡನೆ ಮೆಗ್ನೀಸಿಯಂ ಸಲ್ಫೇಟನ್ನಾಗಲಿ ರಂಜಕದ ಗೊಬ್ಬರವನ್ನಾಗಲಿ ಗಟ್ಟಿಯಾಗಿಯೇ ಬೆರೆಸಿದರೆ ಕ್ಷಣಮಾತ್ರದಲ್ಲಿ ಹಾಲಿನಂತೆ ಬೆಳ್ಳಗಾಗಿ ತಳಕ್ಕೆ ಗಸಿ ಇಳಿಯುತ್ತದೆ. ಆ ಗಸಿಯು ಸೂಜಿಮೊನೆಯಂಥ ಹನಿರಂಧ್ರಗಳನ್ನು ಮುಚ್ಚಿಬಿಡುತ್ತದೆ. ಆದುದರಿಂದಲೇ ಪಾಲಿಹೌಸಿನಲ್ಲಿ ಗೊಬ್ಬರಕ್ಕೆ ಎರಡು ಡ್ರಮ್ಮುಗಳು. ಸರದಿಯಲ್ಲಿಯೂ ಕ್ರಮವುಂಟು: ಮೊದಲು ಬರಿಯ ನೀರು, ನಡುವೆ ಗೊಬ್ಬರದ ನೀರು, ಕೊನೆಗೆ ಕೊಳವೆಯನ್ನು ತೊಳೆಯಲು ಮತ್ತೆ ಬರಿಯ ನೀರು.

ಇಷ್ಟನ್ನು ಕಲಿಯುವುದು ಕಷ್ಟವಲ್ಲ. ಕಷ್ಟವಿರುವುದು ಕೈಯನ್ನು ಬಿಗಿಹಿಡಿಯುವುದರಲ್ಲಿ. ಸಾಲ ಮಾಡಿ ಹೊಸದಾಗಿ ಪಾಲಿಹೌಸ್ ಕಟ್ಟಿಸಿದ ರೈತನೊಬ್ಬನನ್ನು ಊಹಿಸಿಕೊಳ್ಳಬಹುದು. ಬೇಸಗೆಯ ಒಂದು ನಡುಹಗಲು ದೊಣ್ಣೆ ಮೆಣಸಿನ ಗಿಡಗಳು ಜೋತುಬಿದ್ದಿವೆ. ಎಲೆಯಂಚುಗಳು ಸುಟ್ಟಂತೆ ಕಂದಿವೆ. ಬೆರಳಿಟ್ಟು ನೋಡಿದರೆ ಮಣ್ಣು ಒದ್ದೆಯಾಗಿಯೇ ಇದೆ. ನೀರಿಗೆ ಕೊರತೆಯಿಲ್ಲದ ಮೇಲೆ ಗೊಬ್ಬರವೇ ಸಾಲದಾಗಿದೆ ಎಂದು ಬಗೆದು ಅವನು ಇನ್ನೊಂದು ಅಳತೆಯನ್ನು ಸುರಿಯುತ್ತಾನೆ. ಮರುವಾರ ಗಿಡಗಳು ಮತ್ತಷ್ಟು ಸೊರಗುತ್ತವೆ. ಕಂತು ಕಟ್ಟುವ ದಿನ ಹತ್ತಿರವಾಗುತ್ತಿರುವಾಗ ಸುಮ್ಮನಿರುವುದು ಯಾರಿಗೆ ಸಾಧ್ಯ?

ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಅವು ನೀರು ಬಿಟ್ಟಿರುತ್ತವೆ. ಉಪ್ಪು ಹೆಚ್ಚಿದ ಕಡೆಗೆ ನೀರು ಸರಿಯುವುದು ನಿಸರ್ಗದ ನಿಯಮ. ಗೊಬ್ಬರವೂ ಒಂದು ಬಗೆಯ ಉಪ್ಪೇ. ಅದು ಮಣ್ಣಿನಲ್ಲಿ ಮಿತಿಮೀರಿದಾಗ ಒದ್ದೆಮಣ್ಣಿನಲ್ಲಿ ನಿಂತಿದ್ದರೂ ಬೇರು ನೀರನ್ನು ಸೆಳೆಯಲಾರದು. ಬಯಲಿನ ಹೊಲದಲ್ಲಾದರೆ ಇಂಥ ತಪ್ಪನ್ನು ಮುಂದಿನ ಮಳೆ ತೊಳೆದುಬಿಡುತ್ತಿತ್ತು. ಸೂರಿನ ಕೆಳಗೆ ಆ ಕ್ಷಮೆಯಿಲ್ಲ. ಕೊಳವೆಬಾವಿಯ ಗಡಸು ನೀರು ತಾನೂ ಒಂದಿಷ್ಟು ಲವಣವನ್ನು ತಂದಿರುತ್ತದೆ.

ಲವಣವನ್ನು ಕಣ್ಣು ಕಾಣಲಾರದು, ಆದರೆ ವಿದ್ಯುತ್ತು ಕಾಣುತ್ತದೆ. ಲವಣವು ಹೆಚ್ಚಿದಷ್ಟೂ ನೀರಿನ ಮೂಲಕ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಇದನ್ನು ಅಳೆಯುವ ಮೀಟರು ಲೇಖನಿಗಿಂತ ತುಸು ದಪ್ಪ. ಮಣ್ಣಿನ ಸಾರದಲ್ಲಿ ಮೀಟರಿಗೆ 1.5 ಡೆಸಿಸೀಮೆನ್ಸ್ ದಾಟಿದರೆ ದೊಣ್ಣೆ ಮೆಣಸಿನ ಇಳುವರಿಯು ಕುಗ್ಗತೊಡಗುತ್ತದೆ. ಆಗ ಬೇಕಾದ ಮದ್ದು ಗೊಬ್ಬರವಲ್ಲ, ಧಾರಾಳವಾದ ಬರಿಯ ನೀರು. ಆದರೆ ಹಾಗೆ ತೊಳೆದ ಉಪ್ಪಾದರೂ ಎಲ್ಲಿಗೆ ಹೋಗಬೇಕು? ನೈಟ್ರೇಟು ನೀರಿನೊಡನೆ ಆಳಕ್ಕಿಳಿದು ಅಂತರ್ಜಲವನ್ನು ಸೇರುತ್ತದೆ. ಅದೇ ನೀರನ್ನು ಊರಿನವರು ಕುಡಿಯುತ್ತಾರೆ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತದ ಮಾನಕವು ವಿಧಿಸಿದೆ. ಮೀರಿದರೆ ಮೊದಲು ತೊಂದರೆಗೊಳಗಾಗುವುದು ಹಸುಗೂಸುಗಳು. ಆದುದರಿಂದ ಅನುಭವಿಯಾದ ರೈತನು ಗಿಡವು ಹೀರಬಲ್ಲಷ್ಟನ್ನೇ ದಿನದಿನವೂ ತುಸುತುಸುವಾಗಿ ಕೊಡುತ್ತಾನೆ.

ಮಳೆಗಾಲದಲ್ಲಿ ಹೊರಗಿನ ರಾಗಿ ಹೊಲವು ತೊಯ್ದು ನಿಂತಿರುವಾಗ ಪಾಲಿಹೌಸಿನ ಹಾಳೆಯ ಮೇಲೆ ಮಳೆಯು ಬಡಿಯುತ್ತದೆ. ಒಳಗಿನ ಗಿಡಗಳಿಗೆ ಕೇಳುವುದು ಸದ್ದು ಮಾತ್ರ. ಆ ನೀರು ಸೂರಿನ ದೋಣಿಗಳಲ್ಲಿ ಹರಿದು ಪಕ್ಕದ ಕೃಷಿಹೊಂಡವನ್ನು ತುಂಬುತ್ತದೆ. ಮರುದಿನ ಬೆಳಿಗ್ಗೆ ರೈತನು ಹೊಂಡದ ನೀರಿನಲ್ಲಿ ಮೀಟರನ್ನು ಅದ್ದುತ್ತಾನೆ. ಅಂಕಿಯು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಅಂದು ಗೊಬ್ಬರದ ಡ್ರಮ್ಮುಗಳ ನಳಿಕೆಯನ್ನು ಮುಚ್ಚಿ, ಅವನು ಹೊಂಡದ ನೀರಿನ ಕವಾಟವನ್ನು ತೆರೆಯುತ್ತಾನೆ.