ಮಗಳ ಸೈಕಲ್

ಮೂವತ್ತಾರು ವರ್ಷ ನಾನು ಬ್ಯಾಂಕಿಗೆ ಸೈಕಲ್ಲಿನಲ್ಲೇ ಹೋಗಿ ಬಂದವನು. ನಿವೃತ್ತಿಯಾದ ಮೇಲೆ ದಾವಣಗೆರೆಯ ರಸ್ತೆಗಳಲ್ಲಿ ವಾಹನಗಳ ಸದ್ದು ಹೆಚ್ಚಾಯಿತು, ನನ್ನ ಧೈರ್ಯ ಕಡಿಮೆಯಾಯಿತು. ಸೈಕಲ್ ಹಿತ್ತಲಿನ ಗೋಡೆಗೆ ಒರಗಿತು. ಇನ್ನು ಅದನ್ನು ಹತ್ತುವುದಿಲ್ಲ ಅಂದುಕೊಂಡಿದ್ದೆ. ಆದರೆ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮತ್ತೆ ಹತ್ತಿದೆ, ಅದೂ ಫ್ರಾನ್ಸ್ ದೇಶದಲ್ಲಿ!

ನನ್ನ ಮಗಳು ಅಲ್ಲಿಯ ಟುಲೂಸ್ ನಗರದಲ್ಲಿ ಎಂಜಿನಿಯರ್. ಅದು ವಿಮಾನ ತಯಾರಿಸುವ ಊರು. ಹೋದ ವರ್ಷ ಮೂರು ತಿಂಗಳು ಅವಳ ಮನೆಯಲ್ಲಿದ್ದೆ. ಹತ್ತು ವರ್ಷದ ಮೊಮ್ಮಗ ಎರಡನೆಯ ದಿನವೇ, "ತಾತ, ಕಾಲುವೆ ದಂಡೆಗೆ ಹೋಗೋಣ. ಅಲ್ಲಿ ಕಾರು ಬರಲ್ಲ" ಎಂದು ಕೈ ಹಿಡಿದು ಎಳೆದ. ನನಗೊಂದು ಬಾಡಿಗೆ ಸೈಕಲ್ ಬಂತು. ಆ ದೇಶದಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳು ಸೈಕಲ್ ಮೇಲೆ ಹೆಲ್ಮೆಟ್ ಹಾಕಲೇಬೇಕೆಂಬ ಕಾನೂನಿದೆ. ಅವನು ತನ್ನದನ್ನು ಹಾಕಿಕೊಂಡು, "ತಾತನಿಗೂ ಬೇಕು" ಎಂದು ಹಟ ಹಿಡಿದ. ಜೀವನದಲ್ಲಿ ಮೊದಲ ಸಲ ನಾನೂ ಹೆಲ್ಮೆಟ್ ಹಾಕಿಕೊಂಡು ಸೈಕಲ್ ಹತ್ತಿದೆ.

ಆ ಕಾಲುವೆಯ ಹೆಸರು ಕನಾಲ್ ದು ಮಿದಿ. ಟುಲೂಸಿನಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ 240 ಕಿಲೋಮೀಟರ್ ಹರಿಯುತ್ತದೆ. ಹಿಂದೆ ಅದರಲ್ಲಿ ಓಡಾಡುತ್ತಿದ್ದ ದೋಣಿಗಳಿಗೆ ಎಂಜಿನ್ ಇರಲಿಲ್ಲ. ದಂಡೆಯ ಮೇಲೆ ಕುದುರೆಗಳು ನಡೆಯುತ್ತಾ ಹಗ್ಗದಿಂದ ದೋಣಿಗಳನ್ನು ಎಳೆಯುತ್ತಿದ್ದವು. ಆ ಕುದುರೆ ದಾರಿಯೇ ಈಗ ಸೈಕಲ್ ದಾರಿ. ಕಾಲುವೆ ಮಟ್ಟವಾಗಿರುವುದರಿಂದ ದಾರಿಯೂ ಮಟ್ಟವಾಗಿದೆ. ಲಾಕ್‌ಗಳ ಬಳಿ ಮಾತ್ರ ಸ್ವಲ್ಪ ಏರು, ಸ್ವಲ್ಪ ಇಳಿಜಾರು. ನನ್ನ ಮೊಣಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು.

ಮಕ್ಕಳೇ, ಲಾಕ್ ಎಂದರೆ ದೋಣಿಗೆ ಮೆಟ್ಟಿಲು ಇದ್ದ ಹಾಗೆ. ಎರಡು ಬಾಗಿಲುಗಳ ನಡುವೆ ಒಂದು ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ನೀರು ಏರಿದಂತೆ ದೋಣಿಯೂ ಏರುತ್ತದೆ. ಮೇಲಿನ ಮಟ್ಟಕ್ಕೆ ಸಮನಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಇಲ್ಲಿಯ ತೊಟ್ಟಿಗಳ ಗೋಡೆಗಳು ನೇರವಾಗಿಲ್ಲ, ಹೊರಕ್ಕೆ ಬಾಗಿ ಮೊಟ್ಟೆಯಾಕಾರದಲ್ಲಿವೆ. ಹಾಗೆ ಬಾಗಿದ ಗೋಡೆ ಸುತ್ತಲಿನ ಮಣ್ಣಿನ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ನಾನೂ ಮೊಮ್ಮಗನೂ ಒಂದು ಲಾಕ್ ಮುಂದೆ ಕೂತು ಮೂರು ದೋಣಿ ಹತ್ತಿದ್ದನ್ನು ನೋಡಿ, ಮಧ್ಯಾಹ್ನದ ಊಟಕ್ಕೆ ತಡವಾಗಿ ಬೈಸಿಕೊಂಡೆವು.

ಈ ಕಾಲುವೆ ಕಟ್ಟಿಸಿದವನು ಪಿಯೆರ್ ಪೋಲ್ ರಿಕೆ. ಅವನು ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. ಲೆಕ್ಕದ ಪುಸ್ತಕದ ಮನುಷ್ಯ ಎಂದು ತಿಳಿದಾಗ ನನಗೆ ನಮ್ಮವನೇ ಅನ್ನಿಸಿತು. 1666ರಲ್ಲಿ ರಾಜ ಹದಿನಾಲ್ಕನೆಯ ಲೂಯಿ ಒಪ್ಪಿಗೆ ಕೊಟ್ಟ. ಸಾವಿರಾರು ಗಂಡಸರು, ಹೆಂಗಸರು ದುಡಿದರು. ಮಳೆ ಬಂದು ಕೆಲಸ ನಿಂತ ದಿನಕ್ಕೂ ರಿಕೆ ಕೂಲಿ ಕೊಡುತ್ತಿದ್ದನಂತೆ. ತನ್ನ ಆಸ್ತಿಯನ್ನೂ ಇದಕ್ಕೇ ಸುರಿದು ಸಾಲಗಾರನಾದ. 1680ರ ಅಕ್ಟೋಬರಿನಲ್ಲಿ ತೀರಿಕೊಂಡ. ಕಾಲುವೆ ಆರಂಭವಾದದ್ದು 1681ರ ಮೇ ತಿಂಗಳಲ್ಲಿ. ಕೆಲವೇ ತಿಂಗಳಿನಲ್ಲಿ ಅವನಿಗೆ ಅದು ತಪ್ಪಿಹೋಯಿತು.

ಟುಲೂಸಿನಿಂದ ಸುಮಾರು 50 ಕಿಲೋಮೀಟರ್ ದಾರಿಗೆ ಡಾಂಬರು ಇದೆ. ಅಲ್ಲಿಂದ ಮುಂದೆ ಜಲ್ಲಿ, ಗಟ್ಟಿಮಣ್ಣು. ಚಕ್ರದ ಕೆಳಗೆ ಜಲ್ಲಿ ಕರಕರ ಎನ್ನುವುದು ಬಿಟ್ಟರೆ ಬೇರೆ ಶಬ್ದವೇ ಇಲ್ಲ. ಒಂದು ಬದಿ ನೀರು, ಇನ್ನೊಂದು ಬದಿ ಗೋಧಿಯ ಹೊಲ, ಸೂರ್ಯಕಾಂತಿಯ ಹೊಲ. ಎದುರು ಬಂದವರೆಲ್ಲ "ಬೊಂಜೂರ್" ಎನ್ನುತ್ತಾರೆ. ನಾನು ಮೊದಲು ನಮಸ್ಕಾರ ಮಾಡಲು ಹೋಗಿ ಹ್ಯಾಂಡಲ್ ಬಿಟ್ಟು ಬೀಳುವುದರಲ್ಲಿದ್ದೆ!

ಇಷ್ಟು ಚೆಂದದ ದಾರಿಗೆ ಮಗಳು ಮಾತ್ರ ಬರುತ್ತಿರಲಿಲ್ಲ. ಒಂದು ಭಾನುವಾರ ಅಡಿಗೆ, ಇನ್ನೊಂದು ಭಾನುವಾರ ತಲೆನೋವು. ಕೊನೆಗೆ ಮೊಮ್ಮಗ ದಾರಿಯಲ್ಲಿ ಕೇಳಿದ: "ತಾತ, ಅಮ್ಮನಿಗೆ ಸೈಕಲ್ ಬರಲ್ಲ. ನೀವು ಯಾಕೆ ಕಲಿಸಲಿಲ್ಲ?"

ನಾನು ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿಲ್ಲದೆ ಅಲ್ಲ.

ಅವಳಿಗೂ ಆಗ ಹತ್ತು ವರ್ಷ. ನಮ್ಮ ಮನೆ ಪಿ.ಬಿ. ರಸ್ತೆಗೆ ಹತ್ತಿರ. ಹಗಲೂ ರಾತ್ರಿಯೂ ಲಾರಿಗಳು. ಹಳೆಯದೊಂದು ಚಿಕ್ಕ ಸೈಕಲ್ ತಂದುಕೊಟ್ಟಿದ್ದೆ. ಎರಡನೆಯ ವಾರ ಲಾರಿಯೊಂದು ಪಕ್ಕದಲ್ಲಿ ಹಾರ್ನ್ ಹೊಡೆದಾಗ ಹೆದರಿ ಚರಂಡಿಗೆ ಬಿದ್ದಳು. ಮೊಣಕೈ ಮುರಿಯಿತು. ಆ ವಾರವೇ ಸೈಕಲ್ ಮಾರಿಬಿಟ್ಟೆ. ಕೈ ಮುರಿದಾಗ ಅಳದವಳು ಸೈಕಲ್ ಹೋದಾಗ ಅತ್ತಳು. "ದೊಡ್ಡವಳಾದ ಮೇಲೆ ಕೊಡಿಸುತ್ತೇನೆ" ಎಂದೆ.

ಅಲ್ಲಿಗೆ ನಿಂತಿದ್ದರೆ ಅಪ್ಪನ ಭಯ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಮೂರು ವರ್ಷದ ನಂತರ ಅವಳ ತಮ್ಮನಿಗೆ ಹತ್ತು ತುಂಬಿದಾಗ ಅವನಿಗೆ ಹೊಸ ಸೈಕಲ್ಲೇ ಕೊಡಿಸಿದೆ. ರಸ್ತೆ ಅದೇ, ಲಾರಿಗಳು ಅವೇ. "ನನಗೆ?" ಎಂದು ಅವಳು ಕೇಳಿದಳು. "ಅವನು ಗಂಡು ಹುಡುಗ ಕಣೆ" ಎಂದೆ. ಅವಳು ಮತ್ತೆಂದೂ ಕೇಳಲಿಲ್ಲ. ಬ್ಯಾಂಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕೂತು ಹುಡುಕುತ್ತಿದ್ದವನು ನಾನು. ಮನೆಯ ಈ ಲೆಕ್ಕವನ್ನು ಮೂವತ್ತು ವರ್ಷ ತೆರೆದೇ ನೋಡಿರಲಿಲ್ಲ.

ಆ ರಾತ್ರಿ ಮಗಳಿಗೆ, "ಬಾರಮ್ಮ, ನಾನು ಕಲಿಸುತ್ತೇನೆ" ಎಂದೆ. ಅವಳು ನಕ್ಕಳು. "ಅಪ್ಪಾ, ಸೀಟು ಹಿಡಿದುಕೊಂಡು ಹಿಂದೆ ಓಡೋಕೆ ನಿಮ್ಮಿಂದ ಆಗುತ್ತಾ?" ಆಗುವುದಿಲ್ಲ, ನಿಜ. ಮೊಮ್ಮಗ ನಡುವೆ ಬಾಯಿ ಹಾಕಿದ: "ಓಡೋದು ಬೇಡ. ಪೆಡಲ್ ಬಿಚ್ಚಿದರೆ ಸಾಕು!"

ಮುಂದಿನ ಭಾನುವಾರ ಮೂವರೂ ನೋರೂಸ್ ಎಂಬ ಜಾಗಕ್ಕೆ ಹೋದೆವು. ಅದು ಕಾಲುವೆಯ ಅತಿ ಎತ್ತರದ ಸ್ಥಳ. ಕಪ್ಪು ಬೆಟ್ಟ ಎಂಬ ಪರ್ವತದ ನೀರನ್ನು ತಂದು ಇಲ್ಲಿ ಕಾಲುವೆಗೆ ಬಿಡುತ್ತಾರೆ. ಇಲ್ಲಿಂದ ಒಂದು ಕಡೆಯ ನೀರು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಕಡೆಯದು ಮೆಡಿಟರೇನಿಯನ್ ಕಡೆಗೆ. ನಮ್ಮ ಸಕಲೇಶಪುರದ ಘಟ್ಟದಲ್ಲೂ ಹೀಗೆಯೇ. ಒಂದು ಬದಿಯ ಮಳೆ ನೇತ್ರಾವತಿಗೆ, ಇನ್ನೊಂದು ಬದಿಯದು ಹೇಮಾವತಿಗೆ.

ಅಲ್ಲಿ ಎರಡು ಸಾಲು ಪ್ಲೇನ್ ಮರಗಳ ನಡುವೆ ಅಗಲವಾದ ದಾರಿ ಇದೆ. ಕಾಲುವೆಯುದ್ದಕ್ಕೂ ಇಂಥ ಮರಗಳು ಸುಮಾರು 42,000 ಇದ್ದವಂತೆ. 2006ರಿಂದ ಒಂದು ಶಿಲೀಂಧ್ರ ರೋಗ ತಗುಲಿ ಸಾವಿರಾರು ಮರಗಳನ್ನು ಕಡಿದು ಸುಟ್ಟಿದ್ದಾರೆ. ಆ ಜಾಗಗಳಲ್ಲಿ ಓಕ್ ಮುಂತಾದ ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಅವು ನೆರಳು ಕೊಡುವ ಹೊತ್ತಿಗೆ ನನ್ನ ಮೊಮ್ಮಗ ತಾತನಾಗಿರುತ್ತಾನೆ.

ಸ್ಪ್ಯಾನರ್ ಹಿಡಿದು ಪೆಡಲ್ ಬಿಚ್ಚುವ ಕೆಲಸ ನನ್ನದು. ಎಡಗಡೆಯ ಪೆಡಲ್ ಉಲ್ಟಾ ತಿರುಗುತ್ತದೆ, ಅದು ನನಗೆ ಮರೆತಿರಲಿಲ್ಲ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವಷ್ಟು ಸೀಟು ಇಳಿಸಿದೆವು. ಕಾಲಿನಿಂದ ತಳ್ಳಿಕೊಂಡು ಹೋಗುವುದು, ಕಾಲೆತ್ತಿ ಜಾರುವುದು, ಅಷ್ಟೇ ಪಾಠ. "ಅಮ್ಮ, ಚಕ್ರ ನೋಡಬೇಡ, ದೂರ ನೋಡು" ಎಂದು ಮೊಮ್ಮಗ ಮೇಷ್ಟ್ರ ಹಾಗೆ ಕೂಗುತ್ತಿದ್ದ. ಮೊದಲ ಭಾನುವಾರ ಹತ್ತು ಮಾರು ಜಾರಿದಳು. ಎರಡನೆಯ ಭಾನುವಾರ ಪೆಡಲ್ ಹಾಕಿದೆವು. ಎರಡು ಸಲ ಬಿದ್ದಳು. ಅವಳು ಬಿದ್ದಾಗಲೆಲ್ಲ ನನ್ನ ಕಣ್ಣು ಆ ಮೊಣಕೈಗೇ ಹೋಗುತ್ತಿತ್ತು. ಅವಳು ಮಾತ್ರ ಧೂಳು ಕೊಡವಿ ಮತ್ತೆ ಹತ್ತುತ್ತಿದ್ದಳು. ಹಿಂದೆ ಲಾರಿ ಇರಲಿಲ್ಲ, ಯಾರೂ ಹಾರ್ನ್ ಹೊಡೆಯಲಿಲ್ಲ. ಒಬ್ಬ ಅಜ್ಜಿ ನಾಯಿ ಹಿಡಿದು ನಿಂತು ಚಪ್ಪಾಳೆ ತಟ್ಟಿದರು.

ನಾನು ಊರಿಗೆ ಹೊರಡುವ ಮೊದಲಿನ ಶನಿವಾರ ನೋರೂಸಿನಿಂದ ಕಾಸ್ತೆಲ್‌ನೊದಾರಿ ಊರಿನವರೆಗೆ ಮೂವರೂ ಹೋದೆವು. ಹನ್ನೆರಡು ಕಿಲೋಮೀಟರಿನ ಆಸುಪಾಸು, ಬರೀ ಜಲ್ಲಿ ದಾರಿ. ಅಲ್ಲಲ್ಲಿ ಮರದ ಬೇರುಗಳು ಉಬ್ಬಿದ್ದವು. ಮುಂದೆ ಮೊಮ್ಮಗ, ನಡುವೆ ಮಗಳು, ಹಿಂದೆ ನಾನು. ದಾರಿ ಅಗಲವಾದ ಕಡೆ ಅವಳ ಪಕ್ಕಕ್ಕೆ ಬಂದೆ. ಮೂರು ವಾರದಿಂದ ಗಂಟಲಲ್ಲಿದ್ದ ಮಾತು. "ಆವತ್ತು ನಾನು ತಪ್ಪು ಮಾಡಿದೆ ಕಣಮ್ಮ. ನಿನಗೂ ಕೊಡಿಸಬೇಕಿತ್ತು" ಎಂದೆ.

ಅವಳು ದಾರಿಯಿಂದ ಕಣ್ಣು ತೆಗೆಯಲಿಲ್ಲ. "ಅಪ್ಪಾ, ಈಗ ಮಾತಾಡಿಸಬೇಡಿ, ಬಿದ್ದುಹೋಗ್ತೀನಿ" ಎಂದಳು.

ನಾನು ಸುಮ್ಮನೆ ಹಿಂದೆ ಸರಿದೆ. ಊರಿನ ದೊಡ್ಡ ಕೆರೆಯಂಥ ಕಾಲುವೆ ಕೊಳ ಕಾಣುವವರೆಗೂ ಅವಳು ಒಮ್ಮೆಯೂ ಕಾಲು ಊರಲಿಲ್ಲ. ಇಳಿದ ಮೇಲೆ ನೀರಿನ ಬಾಟಲಿಯನ್ನು ಮೊದಲು ನನಗೆ ಕೊಟ್ಟಳು. "ನಾನು ಆಗ ತುಂಬಾ ದಿನ ಕಾಯ್ತಿದ್ದೆ, ಅಪ್ಪ" ಎಂದಳು. ಅಷ್ಟೇ ಮಾತು.

ಈಗ ಪ್ರತಿ ಭಾನುವಾರ ಅವಳ ಫೋಟೋ ಬರುತ್ತದೆ. ಮೊನ್ನೆ ತಾಯಿ ಮಗ ಮಜಾಮೆ ಎಂಬ ಊರಿನ ಬಳಿ ಹಳೆಯ ರೈಲು ದಾರಿಯಲ್ಲಿ ಹೋಗಿದ್ದರು. ರೈಲು ನಿಂತುಹೋದ ಮೇಲೆ ಹಳಿ ತೆಗೆದು ಸೈಕಲ್ಲಿಗೆ ಬಿಟ್ಟಿದ್ದಾರೆ. ರೈಲು ಕಡಿದಾದ ಏರು ಹತ್ತಲಾರದಲ್ಲ, ಹಾಗಾಗಿ ಬೆಟ್ಟದ ಸೀಮೆಯಲ್ಲೂ ಅಲ್ಲಿ ಪೆಡಲ್ ಹಗುರ.

ನಮ್ಮ ಊರುಗಳಲ್ಲಿ ಅಂಥ ದಾರಿ ಇಲ್ಲ. ಆದರೆ ಬೆಳಿಗ್ಗೆ ಆರು ಗಂಟೆಗೆ ಶಾಲೆಯ ಮೈದಾನ ಖಾಲಿ ಇರುತ್ತದೆ. ಹಿತ್ತಲಿನ ಸೈಕಲ್ಲಿಗೆ ಗಾಳಿ ಹೊಡೆಸಿದ್ದೇನೆ. ಪಕ್ಕದ ಮನೆಯ ಎಂಟು ವರ್ಷದ ಹುಡುಗಿ ತನ್ನದನ್ನು ತರುತ್ತಾಳೆ. ಸ್ಪ್ಯಾನರ್ ನನ್ನ ಜೇಬಿನಲ್ಲಿರುತ್ತದೆ.